ಬೆಚ್ಚುವುದು ಬೇರೆ, ಹೆದರುವುದು ಬೇರೆ

2018ರ ಆಗಸ್ಟ್‌ನಲ್ಲಿ ‘ದಿ ನನ್’ ಎಂಬ ಹಾರರ್ ಚಿತ್ರದ ಪುಟ್ಟ ಜಾಹೀರಾತೊಂದು ಯೂಟ್ಯೂಬ್‌ನಲ್ಲಿ ಬೇರೆ ವಿಡಿಯೊಗಳಿಗೆ ಮೊದಲು ಬರತೊಡಗಿತು. ಪರದೆಯ ಮೇಲೆ ಫೋನಿನ ವಾಲ್ಯೂಮ್ ಚಿಹ್ನೆ ಕಾಣಿಸಿಕೊಂಡು, ಸದ್ದು ತಾನಾಗಿಯೇ ಇಳಿಯುತ್ತಿರುವಂತೆ ತೋರುತ್ತದೆ. ಏನಾಯಿತೆಂದು ನೋಡಲು ನಾವು ಬಗ್ಗಿದ ಕ್ಷಣಕ್ಕೆ ಸರಿಯಾಗಿ ಸನ್ಯಾಸಿನಿಯ ವಿಕಾರ ಮುಖ ಕಿರುಚುತ್ತಾ ಎದುರಿಗೆ ನುಗ್ಗುತ್ತದೆ. ದೂರುಗಳು ಬಂದ ಮೇಲೆ ಯೂಟ್ಯೂಬ್, ಇದು ಆಘಾತಕಾರಿ ದೃಶ್ಯಗಳ ಕುರಿತ ತನ್ನ ನಿಯಮಕ್ಕೆ ವಿರುದ್ಧವೆಂದು ಹೇಳಿ ತೆಗೆದುಹಾಕಿತು.

ಅದನ್ನು ನೋಡಿದಾಗ ನಾನೂ ಕುರ್ಚಿಯಿಂದ ಎಗರಿಬಿದ್ದಿದ್ದೆ. ಐದು ನಿಮಿಷಕ್ಕೆ ಮರೆತೂ ಬಿಟ್ಟೆ. ಆದರೆ 1980ರ ‘ದಿ ಶೈನಿಂಗ್’ ಚಿತ್ರದ ಟೀಸರ್ ನೋಡಿದ ರಾತ್ರಿ ಒಮ್ಮೆಯೂ ಬೆಚ್ಚಲಿಲ್ಲ. ಹಾಸ್ಟೆಲಿನ ಖಾಲಿ ಕಾರಿಡಾರಿನಲ್ಲಿ ನಡೆದುಹೋಗುವುದು ಮಾತ್ರ ಕಷ್ಟವಾಯಿತು. ಎರಡನ್ನೂ ‘ಭಯ ಹುಟ್ಟಿಸುವ ಟ್ರೇಲರ್’ ಎಂದೇ ಕರೆಯುತ್ತೇವೆ. ಎರಡೂ ಒಂದೇ ಕೆಲಸ ಮಾಡುತ್ತಿವೆಯೇ?

ಈ ಪ್ರಶ್ನೆಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಒಂದು ಉಪಯುಕ್ತ ವಿಂಗಡಣೆ ಇದೆ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸದ ಸ್ಥಾಯಿಭಾವ ‘ಭಯ’. ಇದಲ್ಲದೆ 33 ವ್ಯಭಿಚಾರಿ ಭಾವಗಳ ಪಟ್ಟಿಯಲ್ಲಿ ‘ತ್ರಾಸ’ ಎಂಬುದೊಂದು ಬೇರೆಯೇ ಇದೆ. ಉತ್ತರ ಕರ್ನಾಟಕದ ಮಾತಿನಲ್ಲಿ ಬಳಕೆಯಲ್ಲಿರುವ, ತೊಂದರೆ ಎಂಬ ಅರ್ಥದ ತ್ರಾಸ ಇದಲ್ಲ. ಭರತ ಇದಕ್ಕೆ ಹೇಳುವ ಕಾರಣಗಳು ಮಿಂಚು, ಸಿಡಿಲು, ಉಲ್ಕಾಪಾತ, ಭೂಕಂಪದಂಥವು. ಎಲ್ಲವೂ ಹಠಾತ್ತಾಗಿ ಎರಗುವಂಥವು. ತ್ರಾಸ ಬಂದು ಹೋಗುತ್ತದೆ, ಭಯ ನಿಲ್ಲುತ್ತದೆ. ಕನ್ನಡದ ಕಿವಿಗೂ ಈ ವ್ಯತ್ಯಾಸ ಗೊತ್ತು: ಬೆಚ್ಚಿಬೀಳುವುದು ಮೈ, ದಿಗಿಲು ಕೂರುವುದು ಮನಸ್ಸಿನಲ್ಲಿ.

ಸ್ಟ್ಯಾನ್ಲಿ ಕುಬ್ರಿಕ್‌ನ ಟೀಸರನ್ನೇ ನೋಡೋಣ. ಸುಮಾರು ಒಂದೂವರೆ ನಿಮಿಷ. ಇಡೀ ಟೀಸರ್‌ಗೆ ಒಂದೇ ಶಾಟ್. ಹೋಟೆಲೊಂದರ ಎರಡು ಲಿಫ್ಟ್‌ಗಳ ಮುಚ್ಚಿದ ಕೆಂಪು ಬಾಗಿಲುಗಳು, ಅಕ್ಕಪಕ್ಕದಲ್ಲಿ ಕುರ್ಚಿಗಳು. ಕ್ಯಾಮೆರಾ ಕದಲುವುದಿಲ್ಲ. ಮಾತಿಲ್ಲ, ನಟರ ಮುಖಗಳಿಲ್ಲ. ಚಿತ್ರದ ಮತ್ತು ಕಲಾವಿದರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸರಿಯುತ್ತವೆ. ವೆಂಡಿ ಕಾರ್ಲೋಸ್ ಮತ್ತು ರೇಚೆಲ್ ಎಲ್ಕಿಂಡ್ ಅವರ ಸಂಗೀತ ಮಾತ್ರ ಏರುತ್ತಾ ಹೋಗುತ್ತದೆ. ಕಿವಿ ಏನೋ ಆಗಲಿದೆ ಎನ್ನುತ್ತದೆ, ಕಣ್ಣು ಏನೂ ಆಗುತ್ತಿಲ್ಲ ಎನ್ನುತ್ತದೆ. ಭಯ ಬೆಳೆಯುವುದು ಈ ಎರಡರ ನಡುವಿನ ಬಿರುಕಿನಲ್ಲಿ. ಕೊನೆಗೆ ಬಾಗಿಲ ಸಂದಿನಿಂದ ರಕ್ತ ಬರುವುದೂ ನಿಧಾನಗತಿಯಲ್ಲೇ. ಅದು ಹೊಳೆಯಾಗಿ, ಕುರ್ಚಿಗಳನ್ನು ತೇಲಿಸಿಕೊಂಡು, ಕ್ಯಾಮೆರಾದ ಕಣ್ಣನ್ನೇ ಮುಚ್ಚುತ್ತದೆ. ಬೇರೆ ಶಾಟ್‌ಗೆ ಹೋಗಿದ್ದರೆ ನಮಗೂ ತಪ್ಪಿಸಿಕೊಳ್ಳುವ ದಾರಿ ಸಿಗುತ್ತಿತ್ತು. ಕುಬ್ರಿಕ್ ಆ ದಾರಿ ಕೊಡುವುದಿಲ್ಲ.

ಹಾಗಾದರೆ ನಿಧಾನವೇ ಒಳ್ಳೆಯದು, ವೇಗ ಕೆಟ್ಟದ್ದು ಎನ್ನಬಹುದೇ? ಇಲ್ಲ. ರಿಡ್ಲಿ ಸ್ಕಾಟ್‌ನ ‘ಏಲಿಯನ್’ (1979) ಟ್ರೇಲರ್‌ನ ಉತ್ತರಾರ್ಧ ಅತಿವೇಗದ ಸಂಕಲನದ್ದು. ಮೊದಲು ಕತ್ತಲಲ್ಲಿ ಒಂದು ಮೊಟ್ಟೆ, ಅದು ಬಿರಿದು ಹೊರಬರುವ ಬೆಳಕು. ಆಮೇಲೆ ಸೈರನ್‌ನಂಥ ಚೀರುಸದ್ದಿನೊಡನೆ ಓಡುವ ಕಾಲುಗಳು, ಬೆದರಿದ ಮುಖಗಳು, ಹೊಗೆ, ಮಿನುಗುವ ದೀಪಗಳು. ಇಲ್ಲೂ ಒಂದೇ ಒಂದು ಸಂಭಾಷಣೆಯಿಲ್ಲ. ಇವರೆಲ್ಲ ಯಾವುದರಿಂದ ಓಡುತ್ತಿದ್ದಾರೆ ಎಂಬುದನ್ನು ಬಿಟ್ಟು ಬೇರೆಲ್ಲವನ್ನೂ ಶಾಟ್‌ಗಳು ತೋರಿಸುತ್ತವೆ. ರಸದ ಭಾಷೆಯಲ್ಲಿ ಹೇಳುವುದಾದರೆ ಅನುಭಾವಗಳು ಕಣ್ಣೆದುರಿಗಿವೆ, ವಿಭಾವವನ್ನು ಬಚ್ಚಿಡಲಾಗಿದೆ. ಆ ಖಾಲಿ ಜಾಗವನ್ನು ತುಂಬುವ ಕೆಲಸ ನಮ್ಮದಾಗುತ್ತದೆ.

ತ್ರಾಸವನ್ನೂ ನಾನು ಕೀಳೆನ್ನುತ್ತಿಲ್ಲ. 1960ರ ‘ಸೈಕೋ’ ಚಿತ್ರದ ಟ್ರೇಲರ್ ಆರು ನಿಮಿಷಕ್ಕೂ ಹೆಚ್ಚು ಉದ್ದ. ಅದರಲ್ಲಿ ಹಿಚ್‌ಕಾಕ್ ಪ್ರವಾಸಿ ಗೈಡ್‌ನ ಹಾಗೆ ಮೋಟೆಲ್ ಮತ್ತು ಮನೆಯನ್ನು ಸುತ್ತಾಡಿಸುತ್ತಾನೆ. ಇಲ್ಲಿ ಹೀಗಾಯಿತು ಎಂದು ಶುರುಮಾಡಿ, ಮಾತನ್ನು ಅರ್ಧಕ್ಕೇ ನುಂಗಿ ಮುಂದಿನ ಕೋಣೆಗೆ ಹೋಗುತ್ತಾನೆ. ಕಡೆಗೆ ಬಚ್ಚಲುಮನೆಯ ಪರದೆಯನ್ನು ಸರಕ್ಕನೆ ಎಳೆದಾಗ ಹೆಣ್ಣೊಬ್ಬಳ ಕಿರುಚಾಟ. (ಕಿರುಚುವವಳು ಚಿತ್ರದ ಆ ದೃಶ್ಯದಲ್ಲಿರುವ ಜಾನೆಟ್ ಲೀ ಅಲ್ಲ, ವಿಗ್ ಹಾಕಿಕೊಂಡ ವೆರಾ ಮೈಲ್ಸ್.) ಇಲ್ಲೂ ನಾವು ಬೆಚ್ಚುತ್ತೇವೆ. ಆದರೆ ಆ ಕಿರುಚಾಟ ಆರು ನಿಮಿಷದ ಅರ್ಧ ಮಾತುಗಳನ್ನೆಲ್ಲ ಒಂದೇ ಏಟಿಗೆ ಪೂರ್ತಿಮಾಡುತ್ತದೆ.

ಈಚಿನ ಕಾಲದಲ್ಲಿ ಹೀಗೆ ದುಡಿದು ಗಳಿಸಿದ ಬೆಚ್ಚುವಿಕೆಗೆ ‘ದಿ ಕಾಂಜುರಿಂಗ್’ (2013) ಒಳ್ಳೆಯ ಉದಾಹರಣೆ. ಅದರ ಪ್ರಚಾರ ನಮಗೆ ಮೊದಲು ಒಂದು ಮಕ್ಕಳಾಟವನ್ನು ಕಲಿಸುತ್ತದೆ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಕೇಳಿದಾಗ ಅಡಗಿದವರು ಚಪ್ಪಾಳೆ ತಟ್ಟಬೇಕು. ಅಂದರೆ ಚಪ್ಪಾಳೆ ಇದ್ದಲ್ಲಿ ಯಾರೋ ಇದ್ದಾರೆ. ನಿಯಮ ಮನಸ್ಸಿಗೆ ಇಳಿದ ಮೇಲೆ ತಾಯಿ ಕತ್ತಲೆಯಲ್ಲಿ ಒಂಟಿಯಾಗಿ ಬೆಂಕಿಕಡ್ಡಿ ಗೀರುತ್ತಾಳೆ. ಅವಳ ಕಿವಿಯ ಪಕ್ಕದಲ್ಲೇ ಎರಡು ಕೈಗಳು ಚಪ್ಪಾಳೆ ತಟ್ಟುತ್ತವೆ. ಅಲ್ಲಿ ಕಾಣುವುದು ಬರೀ ಕೈಗಳು. ನಮ್ಮನ್ನು ಹೆದರಿಸುವುದು ನಾವೇ ಕಲಿತ ನಿಯಮ. ವಿಚಿತ್ರವೆಂದರೆ, ‘ದಿ ನನ್’ ಇದೇ ಸರಣಿಯ ಕುಡಿ. ಐದು ವರ್ಷದಲ್ಲಿ ನಿಯಮ ಕಲಿಸುವ ತಾಳ್ಮೆ ಹೋಗಿ ಬರೀ ಚಪ್ಪಾಳೆ ಉಳಿಯಿತು.

ಇದಕ್ಕೆ ನಾವು ನೋಡುವ ರೀತಿಯೂ ಕಾರಣ. ಚಿತ್ರಮಂದಿರದ ಕತ್ತಲಲ್ಲಿ ಕೂತವರನ್ನು ಒಂದೂವರೆ ನಿಮಿಷ ಮುಚ್ಚಿದ ಬಾಗಿಲ ಮುಂದೆ ಕಾಯಿಸಬಹುದು. ಹೆಬ್ಬೆರಳು ಪರದೆಯ ಮೇಲಿಟ್ಟುಕೊಂಡೇ ನೋಡುವವರನ್ನು ಕಾಯಿಸುವುದು ಕಷ್ಟ. ಹಾಗಾಗಿ ಮೌನ, ಆಮೇಲೆ ದೊಡ್ಡ ಸದ್ದು, ಆಮೇಲೆ ಕಪ್ಪು ಪರದೆಯಲ್ಲಿ ಬಿಡುಗಡೆಯ ದಿನಾಂಕ ಎಂಬ ಅಚ್ಚು ಸಿದ್ಧವಾಗಿದೆ. ಸದ್ದು ಎಲ್ಲಿ ಬರುತ್ತದೆಂದು ಈಗ ನಾನೂ ನನ್ನ ಗೆಳೆಯರೂ ಮೊದಲೇ ಹೇಳುತ್ತೇವೆ, ಬೆಚ್ಚುತ್ತೇವೆ, ನಗುತ್ತೇವೆ. ನಗು ಬಂದಲ್ಲಿಗೆ ಭಯಾನಕ ಮುಗಿಯಿತು.

ನನಗೆ ಇದು ನಷ್ಟವೆಂದು ಅನ್ನಿಸುವುದಕ್ಕೆ ಕಾರಣವಿದೆ. ಪೂರ್ಣಾವಧಿಯ ಹಾರರ್ ಚಿತ್ರಕ್ಕೆ ಒಂದು ಬಡತನವಿದೆ. ಅದು ಎಂದಾದರೂ ಬಾಗಿಲು ತೆರೆಯಲೇಬೇಕು, ಒಳಗಿರುವುದನ್ನು ತೋರಿಸಲೇಬೇಕು. ತೋರಿಸಿದ್ದು ನಾವು ಕಲ್ಪಿಸಿಕೊಂಡದ್ದಕ್ಕಿಂತ ಸಣ್ಣದಾಗಿಯೇ ಇರುತ್ತದೆ. ಟ್ರೇಲರ್‌ಗೆ ಮಾತ್ರ ಆ ಬಾಧ್ಯತೆಯಿಲ್ಲ. ಉತ್ತರ ಕೊಡದೆ ಮುಗಿಯುವ ಹಕ್ಕು ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಕೊನೆಯ ಸೆಕೆಂಡಿನಲ್ಲಿ ದೆವ್ವದ ಮುಖ ತೋರಿಸಿ ಕಿರುಚಿಸುವ ಟ್ರೇಲರ್ ಆ ಹಕ್ಕನ್ನು ಚಿಲ್ಲರೆಗೆ ಮಾರಿಕೊಳ್ಳುತ್ತದೆ.

ಆಸಕ್ತರು ಒಂದು ಪರೀಕ್ಷೆ ಮಾಡಿ ನೋಡಬಹುದು. ಯಾವುದಾದರೂ ಹಾರರ್ ಟ್ರೇಲರನ್ನು ಸದ್ದು ಪೂರ್ತಿ ಆರಿಸಿ ನೋಡಿ. ಬರೀ ತ್ರಾಸದ ಮೇಲೆ ನಿಂತದ್ದು ಅಲ್ಲೇ ಕುಸಿಯುತ್ತದೆ. ಉಳಿಯುವುದು ಬಾಯಿ ತೆರೆದ ಒಂದು ಮುಖ. ‘ಶೈನಿಂಗ್’ ಟೀಸರನ್ನೂ ಹಾಗೇ ನೋಡಿದೆ. ಸಂಗೀತವಿಲ್ಲದೆ ಅದು ಬಡವಾಯಿತು, ನಿಜ. ಆದರೂ ಆ ಕೆಂಪು ಬಾಗಿಲುಗಳು ಮುಚ್ಚಿದ್ದಷ್ಟು ಹೊತ್ತು ನಾನು ಕಣ್ಣು ತೆಗೆಯಲಾಗಲಿಲ್ಲ.