'ಹೈ ನೂನ್' ಚಿತ್ರದ ಹೆಂಗಸರು

ಕುದುರೆ, ಟೋಪಿ, ಪಿಸ್ತೂಲು ಕಂಡರೆ ಸಾಕು, 'ಇದು ಗಂಡಸರ ಸಿನಿಮಾ' ಎಂದು ನಾವು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇವೆ. 1952ರ 'ಹೈ ನೂನ್' ಬಂದಾಗ ಮಾತ್ರ ಕೂತು ನೋಡಿ ಎನ್ನುತ್ತೇನೆ. ಫ್ರೆಡ್ ಜಿನ್ನೆಮನ್ ನಿರ್ದೇಶನದ ಈ ಕಪ್ಪು ಬಿಳುಪು ಚಿತ್ರಕ್ಕೆ ತಗುಲಿದ್ದು ಸುಮಾರು 7.5 ಲಕ್ಷ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಬಡವರ ಮನೆಯ ಮದುವೆ. ನೋಡಿ ಮುಗಿಸಲು 85 ನಿಮಿಷ ಸಾಕು.

ಹ್ಯಾಡ್ಲಿವಿಲ್ ಎಂಬ ಪುಟ್ಟ ಊರಿನ ಮಾರ್ಷಲ್ ವಿಲ್ ಕೇನ್ ಗುರಿಕಾರ. ಮದುವೆಯಾಗಿ, ಕೆಲಸ ಬಿಟ್ಟು ಹೊರಟ ದಿನವೇ ಕೆಟ್ಟ ಸುದ್ದಿ ಬರುತ್ತದೆ. ಅವನು ಹಿಂದೆ ಜೈಲಿಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನ 12ರ ರೈಲಿಗೆ ಬರುತ್ತಿದ್ದಾನೆ. ಮೂವರು ಸಂಗಡಿಗರು ಸ್ಟೇಷನ್ನಿನಲ್ಲಿ ಕಾದಿದ್ದಾರೆ. ಕೇನ್ ಮನೆಮನೆಗೆ ಹೋಗಿ ಸಹಾಯ ಬೇಡುತ್ತಾನೆ. ಗಡಿಯಾರ ಓಡುತ್ತದೆ, ಯಾರೂ ಬರುವುದಿಲ್ಲ.

ಒಬ್ಬಂಟಿ ವೀರನ ಕಥೆಯೆಂದು ಎಲ್ಲರೂ ಇದನ್ನು ಹೊಗಳುತ್ತಾರೆ. ಗ್ಯಾರಿ ಕೂಪರ್‌ಗೆ ಆಸ್ಕರ್ ಬಂದದ್ದೂ ನ್ಯಾಯವೇ. ಆದರೆ ಹೆಂಗಸರ ಕಡೆ ಒಮ್ಮೆ ನೋಡಿ. ಗೆಳೆಯ ಸ್ಯಾಮ್ ಫುಲ್ಲರ್ ಒಳಗೆ ಅಡಗಿ ಕೂತು, 'ಮನೆಯಲ್ಲಿಲ್ಲ' ಎಂದು ಹೆಂಡತಿಯ ಬಾಯಲ್ಲಿ ಸುಳ್ಳು ಹೇಳಿಸುತ್ತಾನೆ. ಹೇಡಿತನ ಅವನದು, ನಾಚಿಕೆ ಅವಳದು! ಚರ್ಚಿನಲ್ಲಿ ಗಂಡಸರು ವಾದ ಮಾಡುತ್ತಿರುವಾಗ ಒಬ್ಬ ಹೆಂಗಸು ಎದ್ದು, ಹಗಲಲ್ಲೂ ನಾವು ಬೀದಿಯಲ್ಲಿ ನಡೆಯಲಾಗದಿದ್ದ ಕಾಲ ಮರೆತುಹೋಯಿತೇ ಎಂದು ಕೇಳುತ್ತಾಳೆ. ಉತ್ತರ ಕೊಡುವ ಗಂಡಸಿಲ್ಲ. ಕೇಟಿ ಹುರಾಡೊ ನಟಿಸಿರುವ ಹೆಲೆನ್ ರಮೀರೆಜ್ ಮೆಕ್ಸಿಕನ್ ಹೆಂಗಸು, ಸ್ವಂತ ವ್ಯಾಪಾರ ಕಟ್ಟಿಕೊಂಡವಳು. ಊರಿನ ಯೋಗ್ಯತೆ ಎಲ್ಲರಿಗಿಂತ ಮೊದಲು ತಿಳಿದದ್ದು ಅವಳಿಗೆ. ಅಂಗಡಿ ಮಾರಿ, ತಲೆಯೆತ್ತಿಕೊಂಡೇ ರೈಲು ಹತ್ತುತ್ತಾಳೆ.

ಇನ್ನು ಗ್ರೇಸ್ ಕೆಲ್ಲಿಯ ಏಮಿ, ಕೇನ್‌ನ ಹೊಸ ಹೆಂಡತಿ. ಅಪ್ಪನನ್ನೂ ಹತ್ತೊಂಬತ್ತರ ಅಣ್ಣನನ್ನೂ ಗುಂಡಿಗೆ ಕಳೆದುಕೊಂಡು, ಹಿಂಸೆಯೇ ಬೇಡವೆಂದು ಕ್ವೇಕರ್ ಪಂಥ ಸೇರಿದವಳು. ಅವಳೂ ರೈಲು ಹತ್ತಿರುತ್ತಾಳೆ. ಮೊದಲ ಗುಂಡಿನ ಸದ್ದು ಕೇಳಿದ್ದೇ ಇಳಿದು ಓಡಿ ಬರುತ್ತಾಳೆ. ಕೊನೆಗೆ ಗಂಡನ ಪ್ರಾಣ ಉಳಿಸಲು ಕಿಟಕಿಯಿಂದ ಒಬ್ಬನ ಬೆನ್ನಿಗೆ ಗುಂಡು ಹೊಡೆಯುತ್ತಾಳೆ. ಊರಿನ ಗಂಡಸರೆಲ್ಲ ಮಾಡಬೇಕಿದ್ದ ಕೆಲಸ, ಮಾಡಲಾರೆನೆಂದು ವ್ರತ ತೊಟ್ಟವಳ ಪಾಲಿಗೆ ಬಂತು.

ನನ್ನ ತಕರಾರು ಇಲ್ಲಿದೆ. ಏಮಿ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಗುಂಡು ಹೊಡೆದ ಮೇಲೆ ಅವಳು ಒಂದು ಗಳಿಗೆ ತಲೆ ತಗ್ಗಿಸುವುದನ್ನಷ್ಟೇ ತೋರಿಸಿ ಚಿತ್ರ ಮುಂದೆ ಓಡುತ್ತದೆ. ನಂಬಿಕೊಂಡಿದ್ದನ್ನು ಕಳೆದುಕೊಂಡ ಹೆಣ್ಣಿನ ಗತಿಯೇನೆಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಗಳಲ್ಲೂ ಹೆಂಗಸು ಬಿಟ್ಟುಕೊಟ್ಟದ್ದಕ್ಕೆ ಲೆಕ್ಕವಿಡುವವರು ಕಡಿಮೆ. ಅದಕ್ಕೇ ಈ ದೂರದ ಕಥೆ ನನಗೆ ಹತ್ತಿರವೆನಿಸಿತು.

ಕೇನ್ ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತು ಊರವರೆದುರು ಮಣ್ಣಿಗೆ ಎಸೆದು ಹೊರಡುತ್ತಾನೆ. ಸಿಟ್ಟು ತೀರಿಸಿಕೊಳ್ಳಲು ಅವನಿಗೆ ಎಸೆಯುವುದಕ್ಕಾದರೂ ಒಂದು ವಸ್ತುವಿತ್ತು. ಪಕ್ಕದಲ್ಲಿ ಸುಮ್ಮನೆ ಗಾಡಿಯಲ್ಲಿ ಕೂತ ಏಮಿಗೆ ಅದೂ ಇಲ್ಲ.