‘ಮುಂದೆ’ ಎಂದರೆ ಯಾವ ಕಡೆ?

ಪುಣೆಗೆ ಬಂದ ಹೊಸತರಲ್ಲಿ ಆಫೀಸಿನಿಂದ ಒಂದು ಮೇಲ್ ಬಂತು: ಗುರುವಾರದ ಮೀಟಿಂಗ್ ಒಂದು ದಿನ ‘ಬ್ರಾಟ್ ಫಾರ್ವರ್ಡ್’ ಆಗಿದೆ. ಮುಂದೂಡಿದ್ದಾರೆ ಎಂದುಕೊಂಡು ಶುಕ್ರವಾರಕ್ಕೆ ತಯಾರಾದೆ. ಮೀಟಿಂಗ್ ಬುಧವಾರವೇ ಮುಗಿದುಹೋಗಿತ್ತು. ಪದಕ್ಕೆ ಪದ ನನ್ನ ಅನುವಾದ ಸರಿಯಾಗಿಯೇ ಇತ್ತು, ತಪ್ಪಿದ್ದು ದಿಕ್ಕು.

ಇಂಗ್ಲಿಷಿನ ಕಾಲದ ಬಗ್ಗೆ ಬರೆಯುವ ನಮ್ಮವರು ಸಾಮಾನ್ಯವಾಗಿ ದುಡ್ಡಿನ ಮಾತಿನಲ್ಲೇ ನಿಂತುಬಿಡುತ್ತಾರೆ. ‘ಸ್ಪೆಂಡ್’, ‘ಸೇವ್’, ‘ವೇಸ್ಟ್’, ‘ಇನ್ವೆಸ್ಟ್’: ಅವರಿಗೆ ಕಾಲವೆಂದರೆ ಗಲ್ಲಾಪೆಟ್ಟಿಗೆ, ನಮಗೆ ಹುಟ್ಟಿ ಮುಳುಗುವ ಸೂರ್ಯನೇ ‘ಹೊತ್ತು’ ಎಂಬ ವಾದ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರ ತಮ್ಮ ಪುಸ್ತಕದಲ್ಲಿ ಈ ದುಡ್ಡಿನ ರೂಪಕವನ್ನು ಬಿಡಿಸಿ ತೋರಿಸಿದ್ದು ನಿಜ. ಆದರೆ ಅದನ್ನು ಎರಡು ನಾಗರಿಕತೆಗಳ ಜಗಳವಾಗಿಸುವುದು ಸೋಮಾರಿ ಓದು. ಅದೇ ಇಂಗ್ಲಿಷಿನಲ್ಲಿ ಕಾಲ ಹಾರುತ್ತದೆ, ತೆವಳುತ್ತದೆ, ಗಾಯ ಮಾಯಿಸುತ್ತದೆ. ಬೇಸರ ಬಂದವನು ಅದನ್ನು ‘ಕಿಲ್’ ಮಾಡುತ್ತಾನೆ. ದುಡ್ಡನ್ನು ಯಾರೂ ಕೊಲ್ಲುವುದಿಲ್ಲ. ನಾವೂ ಹೊತ್ತು ಕಳೆಯುತ್ತೇವೆ, ಕಾಲ ತಳ್ಳುತ್ತೇವೆ.

ದಿಕ್ಕಿನ ಪ್ರಶ್ನೆ ಇದಕ್ಕಿಂತ ಆಳದ್ದು. ಬುಧವಾರದ ಮೀಟಿಂಗ್ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆದರೆ ಅದು ಯಾವತ್ತು? ಇಂಗ್ಲಿಷ್ ಮಾತಾಡುವವರಲ್ಲೇ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕಾರ್ ವಿಮಾನ ನಿಲ್ದಾಣದಲ್ಲಿ ಇದನ್ನೇ ಕೇಳಿ, ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಆಗಷ್ಟೇ ವಿಮಾನದಿಂದ ಇಳಿದವರಲ್ಲಿ ಶುಕ್ರವಾರ ಎಂದವರು ಹೆಚ್ಚು. ಯಾರನ್ನೋ ಕರೆದೊಯ್ಯಲು ಕಾದು ನಿಂತವರಲ್ಲಿ ಕಡಿಮೆ. ಪಯಣಿಸಿದವನಿಗೆ ತಾನೇ ಕಾಲದೊಳಗೆ ನಡೆದಂತೆ. ಕಾಯುವವನಿಗೆ ಕಾಲವೇ ಎದುರು ಬಂದಂತೆ.

ಕನ್ನಡಕ್ಕೂ ಈ ಇಬ್ಬಂದಿ ಹೊಸದಲ್ಲ. ‘ಮುಂದೆ’ ಎಂದರೆ ನಾಳೆಯ ಕಡೆ. ‘ಮುಂಚೆ’, ‘ಮುನ್ನ’ ಎಂದರೆ ನಿನ್ನೆಯ ಕಡೆ. ಬೇರು ಒಂದೇ, ಮುಖ ಎರಡು. ಆದರೆ ‘ಮುಂದಕ್ಕೆ ಹಾಕು’ ಎಂದಾಗ ನಮಗೆ ಅನುಮಾನವಿಲ್ಲ: ಕೆಲಸ ತಡವಾಗುತ್ತದೆ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ಅದನ್ನು ನಮ್ಮತ್ತ ಎಳೆದು ಬೇಗನೆ ತರುತ್ತದೆ.

ಹೊರನಾಡಿನಲ್ಲಿ ನಾವು ಎರವಲು ಪದಗಳನ್ನು ಎಣಿಸುತ್ತ ಕೂರುತ್ತೇವೆ. ಅವು ಕಣ್ಣಿಗೆ ಕಾಣುತ್ತವೆ, ಬೇಕೆಂದರೆ ತೆಗೆಯಬಹುದು. ಕಾಣದೆ ಒಳಬರುವುದು ದಿಕ್ಕು. ಹದಿನೈದು ವರ್ಷಗಳ ನಂತರ, ಕಳೆದ ದೀಪಾವಳಿಗೆ, ಅಮ್ಮನಿಗೆ ಫೋನಿನಲ್ಲಿ “ಬರೋದನ್ನ ಎರಡು ದಿನ ಮುಂದಕ್ಕೆ ಹಾಕಿದೀನಿ” ಎಂದೆ. ಬೇಗ ಬರುತ್ತೇನೆಂದು ನನ್ನ ಅರ್ಥ. ಒಂದು ಪದವೂ ಇಂಗ್ಲಿಷಿನದಲ್ಲ, ಹಾಗಾಗಿ ತಪ್ಪು ನನ್ನ ಕಿವಿಗೇ ಬೀಳಲಿಲ್ಲ. ಬೆಳಗಿನ ಬಸ್ಸಿಳಿದು ಹೋದರೆ ಮನೆಗೆ ಬೀಗ. ಮಗ ತಡವಾಗಿ ಬರುತ್ತಾನಲ್ಲ ಎಂದು ಅಮ್ಮ ತಂಗಿಯ ಊರಿಗೆ ಹೋಗಿದ್ದರು.

ಸಂಜೆ ಹಿಂದಿರುಗಿದವರು ಚೀಲ ಇಳಿಸುವ ಮೊದಲೇ ಕೇಳಿದರು: “ಮುಂಚೆ ಬರ್ತೀನಿ ಅನ್ನೋಕೆ ಏನಾಗಿತ್ತು ನಿಂಗೆ?”