ವೇಗವೂ ವಿಶ್ವಾಸಾರ್ಹತೆಯೂ : ಪೀಟರ್ ಮಿಲ್ಲರರ ಪ್ರಬಂಧದ ವಿಮರ್ಶೆ

ಮನುಷ್ಯರು ಬರೆದ ಮೂಲಕಡತಗಳನ್ನು ಯಂತ್ರವು ನಡೆಯಿಸಬಲ್ಲ ಸಾಫ್ಟ್‌ವೇರಾಗಿ ಪರಿವರ್ತಿಸುವ ಕಾರ್ಯಕ್ಕೆ ಬಿಲ್ಡ್ ಎಂದು ಹೆಸರು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್ನರು ಇದಕ್ಕಾಗಿ ‘ಮೇಕ್’ ಎಂಬ ಸಾಧನವನ್ನು ನಿರ್ಮಿಸಿದರು. ಯಾವ ಕಡತವು ಯಾವುದನ್ನು ಅವಲಂಬಿಸಿದೆಯೆಂದು ಮೇಕ್‌ಫೈಲಿನಲ್ಲಿ ಬರೆದಿಟ್ಟರೆ, ಅದು ಕಡತಗಳ ಕಾಲವನ್ನು ಹೋಲಿಸಿ ಹಳತಾದುದನ್ನು ಮಾತ್ರ ಮತ್ತೆ ಕಟ್ಟುವುದು. ಸಂಪಾದಕನು ಮೂಲಪಾಠದ ಒಂದು ಪದ್ಯವನ್ನು ತಿದ್ದಿದಾಗ ಅದಕ್ಕೆ ಸಂಬಂಧಿಸಿದ ಟೀಕೆಯನ್ನೂ ಪದಸೂಚಿಯನ್ನೂ ಮಾತ್ರ ಪರಿಷ್ಕರಿಸುವಂತೆ ಇದೆಂದು ವಾಚಕರು ಭಾವಿಸಬಹುದು.

ದೊಡ್ಡ ಕೃತಿಗಳಲ್ಲಿ ಪ್ರತಿಯೊಂದು ಡೈರೆಕ್ಟರಿಗೂ ಬೇರೆ ಮೇಕ್‌ಫೈಲನ್ನಿಟ್ಟು ಒಂದಾದಮೇಲೊಂದನ್ನು ನಡೆಯಿಸುವ ರೂಢಿಯು ಬೆಳೆಯಿತು. ಆಸ್ಟ್ರೇಲಿಯದ ಮಿಲ್ಲರರು 1998ರಲ್ಲಿ ಪ್ರಕಟಿಸಿದ ‘ರಿಕರ್ಸಿವ್ ಮೇಕ್ ಕನ್ಸಿಡರ್ಡ್ ಹಾರ್ಮ್‌ಫುಲ್’ ಎಂಬ ಪ್ರಬಂಧವು ಈ ರೂಢಿಯ ಖಂಡನೆಯಾಗಿದೆ. ಡೈಕ್‌ಸ್ಟ್ರಾರವರ 1968ರ ಪ್ರಸಿದ್ಧ ಪತ್ರವನ್ನು ನೆನಪಿಗೆ ತರುವ ಈ ತಲೆಬರಹದಲ್ಲಿ ವಾದಿಯ ಆವೇಶವಿದ್ದರೂ, ಒಳಗಿನ ಕ್ರಮವು ವೈದ್ಯನ ನಿದಾನಕ್ರಮವೇ ಸರಿ. ಅನಾವಶ್ಯಕವಾಗಿ ಕಟ್ಟುವುದು, ಆವಶ್ಯಕವಾದುದನ್ನು ಬಿಡುವುದು, ಏಕಕಾಲದಲ್ಲಿ ಅನೇಕ ಕಾರ್ಯಗಳನ್ನು ನಡೆಯಿಸಿದಾಗ ಕೆಡುವುದು, ಈ ಲಕ್ಷಣಗಳಿಗೆಲ್ಲ ಮೂಲವೊಂದೇ: ಅಖಂಡವಾದ ಅವಲಂಬನ ಜಾಲವನ್ನು ತುಂಡರಿಸಿದುದು. ಒಂದು ಡೈರೆಕ್ಟರಿಯಲ್ಲಿ ಹುಟ್ಟುವ ಹೆಡರ್ ಕಡತವನ್ನು ಇನ್ನೊಂದರ ಕಡತವು ಬಳಸಿದರೆ, ಆ ಸಂಬಂಧವು ಎರಡು ಮೇಕ್‌ಫೈಲುಗಳ ನಡುವೆ ಕಾಣದೆ ಹೋಗುತ್ತದೆ. ಆದುದರಿಂದ ಸಮಸ್ತ ಸಂಬಂಧಗಳನ್ನೂ ಒಂದೇ ಮೇಕ್ ನೋಡುವಂತಾಗಬೇಕೆಂಬುದು ಅವರ ಸಿದ್ಧಾಂತ.

ಈ ಪ್ರಬಂಧದ ಹಿರಿಮೆಯು ವೇಗವನ್ನೂ ವಿಶ್ವಾಸಾರ್ಹತೆಯನ್ನೂ ಬೇರ್ಪಡಿಸದಿರುವುದರಲ್ಲಿದೆ. ಹಳೆಯ ಭಾಗವೊಂದು ಹೊಸ ಕೃತಿಯಲ್ಲಿ ಸೇರಿಹೋದರೆ ಸಾಧನವು ಯಾವ ದೋಷವನ್ನೂ ವರದಿಮಾಡದು. ಒಮ್ಮೆ ಹಾಗೆ ಮೋಸಹೋದ ಕರ್ಮಿಯು ಆಮೇಲೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟತೊಡಗುತ್ತಾನೆ. ನಂಬಿಕೆ ಕೆಟ್ಟಲ್ಲಿ ವೇಗವೂ ಕೆಡುವುದು.

ಆದರೆ ಚಿಕಿತ್ಸೆಯು ನಿದಾನದಷ್ಟು ಪೂರ್ಣವಾಗಿಲ್ಲ. ಜಾಲವನ್ನು ಒಂದುಗೂಡಿಸಿದ ಮಾತ್ರಕ್ಕೆ ಅದರಲ್ಲಿ ಬರೆಯದೆ ಬಿಟ್ಟ ಸಂಬಂಧವು ತಾನಾಗಿ ಬಂದು ಸೇರದು. ಕಂಪೈಲರಿನ ಆವೃತ್ತಿ ಬದಲಾದುದನ್ನು ಮೇಕ್ ತಾನಾಗಿ ಅರಿಯದು. ಹಳೆಯ ಕಾಲವನ್ನು ಹೊತ್ತ ಪ್ರತಿಯನ್ನು ಮರಳಿ ತಂದಿಟ್ಟರೆ ಅದು ಬದಲಾವಣೆಯೆಂದೇ ಎಣಿಸದು. ಮಿಲ್ಲರರೇ ರಚಿಸಿದ ‘ಕುಕ್’ ಎಂಬ ಸಾಧನದಲ್ಲಿ ಕಾಲದೊಡನೆ ಕಡತದ ಒಡಲಿನ ಗುರುತನ್ನೂ ಪರಿಗಣಿಸುವ ಸೌಕರ್ಯವಿದ್ದುದು ಇಲ್ಲಿ ಗಮನಾರ್ಹ. 2015ರಲ್ಲಿ ಗೂಗಲ್ ಸಂಸ್ಥೆಯು ಸಾರ್ವಜನಿಕಗೊಳಿಸಿದ ‘ಬೇಜಲ್’ ಒಡಲಿನ ಗುರುತನ್ನೇ ಆಧಾರವಾಗಿರಿಸಿಕೊಂಡಿದೆ. ಮಾತ್ರವಲ್ಲದೆ ಪ್ರತಿಯೊಂದು ಕಾರ್ಯವನ್ನೂ ಪ್ರತ್ಯೇಕ ಆವರಣದಲ್ಲಿ ನಡೆಯಿಸಿ, ಘೋಷಿಸದ ಕಡತವು ಅದಕ್ಕೆ ದೊರೆಯದಂತೆ ಮಾಡಬಲ್ಲದು. ಅಲ್ಲಿ ಲೇಖಕನ ಮರೆವು ಗುಪ್ತದೋಷವಾಗಿ ಉಳಿಯದೆ ಕೂಡಲೆ ಪ್ರಕಟವಾಗುತ್ತದೆ.

ಈ ಕೊರತೆಯಿದ್ದರೂ, ದೋಷವನ್ನು ಸಾಧನದ ಮೇಲೆ ಹೊರಿಸದೆ ಅದಕ್ಕೆ ನಾವು ಕೊಡುವ ಅಪೂರ್ಣ ಮಾಹಿತಿಯಲ್ಲಿ ಹುಡುಕಿದ ಈ ಪ್ರಬಂಧವು ಇಂದಿಗೂ ವ್ಯಾಸಂಗಯೋಗ್ಯವೆಂದು ನಮ್ಮ ಅಭಿಪ್ರಾಯ.